ಮಾರುವುದಕ್ಕೊಂದು ಭಾಷೆ, ಎಚ್ಚರಿಕೆಗೆ ಇನ್ನೊಂದೆ?

1986ರ ಮಾರ್ಚ್ ತಿಂಗಳು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ನಾಲ್ಕು ತಿಂಗಳೂ ತುಂಬದ ಒಂದು ಕೂಸಿಗೆ ನೆಗಡಿಯಾಯಿತು. ತಾಯಿ ಮಕ್ಕಳ ಆಸ್ಪಿರಿನ್ ಮಾತ್ರೆ ಕೊಟ್ಟಳು. ಎರಡು ವರ್ಷದೊಳಗಿನ ಮಗುವಿಗಾದರೆ ವೈದ್ಯರನ್ನು ಕೇಳಬೇಕು, ಫ್ಲೂ ಇದ್ದಾಗ ಕೊಟ್ಟರೆ ರೈ ಸಿಂಡ್ರೋಮ್ ಎಂಬ ಅಪಾಯಕಾರಿ ಕಾಯಿಲೆಯ ಭಯವಿದೆ ಎಂದೆಲ್ಲ ಪೊಟ್ಟಣದಲ್ಲಿ ಅಚ್ಚಾಗಿತ್ತು. ಆದರೆ ಇಂಗ್ಲಿಷಿನಲ್ಲಿ. ಆ ತಾಯಿಗೆ ಓದಲು ಬರುತ್ತಿದ್ದುದು ಸ್ಪ್ಯಾನಿಷ್ ಮಾತ್ರ. ಮಗುವಿಗೆ ಅದೇ ಕಾಯಿಲೆ ಬಂತು. ಜೀವ ಉಳಿಯಿತು, ದೃಷ್ಟಿ ಹೋಯಿತು, ಕೈಕಾಲುಗಳು ಸ್ವಾಧೀನ ತಪ್ಪಿದವು.

ಮಾತ್ರೆ ತಯಾರಿಸಿದ ಪ್ಲೌ ಕಂಪೆನಿ ಸ್ಪ್ಯಾನಿಷ್ ಮಾಧ್ಯಮಗಳಲ್ಲಿ ಅದರ ಜಾಹೀರಾತು ಕೊಡುತ್ತಿತ್ತು. ಕೊಳ್ಳಿರಿ ಎಂದು ಹೇಳಲು ಬಂದ ಭಾಷೆ ಎಚ್ಚರ ಎನ್ನುವಾಗ ಎಲ್ಲಿ ಹೋಯಿತು? ಪ್ರಕರಣ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1993ರಲ್ಲಿ ತೀರ್ಪು ಕಂಪೆನಿಯ ಪರ ಬಂತು. ಕಾನೂನು ಕೇಳುವುದು ಇಂಗ್ಲಿಷ್ ಎಚ್ಚರಿಕೆಯನ್ನು ಮಾತ್ರ. ಬೇರೆ ಭಾಷೆಗಳು ಬೇಕೆ, ಯಾವುವು ಬೇಕು ಎಂಬುದನ್ನು ಶಾಸನಸಭೆ ತೀರ್ಮಾನಿಸಲಿ ಎಂದಿತು ನ್ಯಾಯಾಲಯ.

ಈ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅಮೆರಿಕದಲ್ಲಿ ಆಡುವ ಭಾಷೆಗಳು ನೂರಾರು. ಅಂಗೈಯಷ್ಟಗಲದ ಪೊಟ್ಟಣದಲ್ಲಿ ಎಷ್ಟನ್ನು ತುಂಬಿಸುವುದು? ಮನೆಯಲ್ಲಿ ಇಂಗ್ಲಿಷ್ ಬಲ್ಲವರಿದ್ದರು, ತಾಯಿ ಅವರನ್ನು ಕೇಳಬಹುದಿತ್ತು ಎನ್ನುವವರೂ ಇದ್ದಾರೆ. ನಿಜ. ಆದರೆ ಓದಲಾಗದ ಅಕ್ಷರಗಳ ನಡುವೆ ಇಂಥದೊಂದು ಗಂಡಾಂತರ ಅಡಗಿದೆಯೆಂದು ಗೊತ್ತಿದ್ದರಲ್ಲವೇ ಯಾರನ್ನಾದರೂ ಕೇಳುವುದು?

ನೂರು ಭಾಷೆಗಳ ವಾದ ಒಂದು ಕಡೆ ಸೋಲುತ್ತದೆ. ಕಂಪೆನಿ ನೂರು ಭಾಷೆಗಳಲ್ಲಿ ಗಿರಾಕಿಗಳನ್ನು ಕರೆದಿರಲಿಲ್ಲ. ತಾನೇ ಲೆಕ್ಕ ಹಾಕಿ, ಲಾಭ ನೋಡಿ ಸ್ಪ್ಯಾನಿಷನ್ನು ಆರಿಸಿಕೊಂಡಿತ್ತು. ಎಚ್ಚರಿಕೆಯ ಹೊಣೆಯೂ ಆ ಒಂದು ಭಾಷೆಯಷ್ಟಕ್ಕೇ ಇರಲಿ ಎಂದರೆ ಅದು ಅತಿಯಾಸೆಯಲ್ಲ.

ಮಾರುವಾಗ ಭಾಷೆಯ ಬಗ್ಗೆ ಎಷ್ಟು ಶ್ರದ್ಧೆ ಇರುತ್ತದೆ ನೋಡಿ! ಕ್ಯಾಲಿಫೋರ್ನಿಯಾದ ಹಾಲು ಸಂಸ್ಕರಣಕಾರರ ಮಂಡಳಿ 1993ರಲ್ಲಿ 'ಗಾಟ್ ಮಿಲ್ಕ್?' ಪ್ರಚಾರ ಆರಂಭಿಸಿತು. ಅದನ್ನು ಸ್ಪ್ಯಾನಿಷಿಗೆ ಪದಶಃ ತಂದರೆ 'ನಿಮಗೆ ಎದೆಹಾಲಿದೆಯೇ?' ಎಂಬ ಅರ್ಥ ಬರುವಂತಿತ್ತು. ಹಾಗಾಗಿ ಲ್ಯಾಟಿನೋ ತಾಯಂದಿರಿಗಾಗಿ ಬೇರೆಯೇ ಸಾಲು ಬರೆಸಿದರು: ಇವತ್ತು ಮನೆಯವರಿಗೆ ಸಾಕಷ್ಟು ಹಾಲು ಕೊಟ್ಟಿರಾ ಎಂದು. ತಾಯಿಯ ಕರ್ತವ್ಯಪ್ರಜ್ಞೆಯನ್ನು ಮುಟ್ಟುವ ಮಾತು ಅವರಿಗೆ ಸಿಕ್ಕಿತು. ಆ ಜಾಣತನದ ಕಾಲು ಪಾಲು ಸಾಕಿತ್ತು, ಆಸ್ಪಿರಿನ್ ಪೊಟ್ಟಣದ ನಾಲ್ಕು ಸಾಲುಗಳಿಗೆ.

ಅಮೆರಿಕದ ಕೇಂದ್ರ ಕಾನೂನಿಗೆ ಈ ನ್ಯಾಯ ಅಪರಿಚಿತವೂ ಅಲ್ಲ. ಆಹಾರ ಮತ್ತು ಔಷಧ ನಿಯಮಗಳ ಪ್ರಕಾರ ಲೇಬಲ್ಲಿನಲ್ಲಿ ಪರಭಾಷೆಯಲ್ಲಿ ಏನಾದರೂ ಹೇಳಿಕೆಯಿದ್ದರೆ, ಕಡ್ಡಾಯ ಮಾಹಿತಿಯೆಲ್ಲವೂ ಆ ಭಾಷೆಯಲ್ಲೂ ಇರಬೇಕು. ಆದರೆ ಈ ನಿಯಮದ ಕೈ ಲೇಬಲ್ಲನ್ನಷ್ಟೇ ಮುಟ್ಟುತ್ತದೆ, ಟಿ.ವಿ. ಜಾಹೀರಾತನ್ನಲ್ಲ. ಪೊಟ್ಟಣದಲ್ಲಿ ಸ್ಪ್ಯಾನಿಷಿನ ಸುಳಿವೇ ಇಲ್ಲದಂತೆ ನೋಡಿಕೊಂಡು, ಪರದೆಯ ಮೇಲೆ ಅದೇ ಭಾಷೆಯಲ್ಲಿ ಎಷ್ಟು ಬೇಕಾದರೂ ಕರೆಯಬಹುದು. ಕೊಂಚ ಹೇಳಿದವನು ಪೂರ್ತಿ ಹೇಳಬೇಕು. ಏನೂ ಹೇಳದವನು ಪಾರು.

2020ರ ಜನಗಣತಿಯಲ್ಲಿ ಅಲ್ಲಿನ ಲ್ಯಾಟಿನೋ ಜನರ ಸಂಖ್ಯೆ 6.2 ಕೋಟಿ. ವೈದ್ಯರು ಬರೆದುಕೊಡುವ ಔಷಧಿಗಳ ಮಟ್ಟಿಗೆ ಕ್ಯಾಲಿಫೋರ್ನಿಯಾ 2015ರಲ್ಲಿ ಕಾಯ್ದೆ ಮಾಡಿತು. ರೋಗಿ ಕೇಳಿದರೆ ಬಳಕೆಯ ಸೂಚನೆಯನ್ನು ಸ್ಪ್ಯಾನಿಷ್ ಸೇರಿ ಐದು ಭಾಷೆಗಳಲ್ಲಿ ಕೊಡಬೇಕಾಯಿತು. ಆ ಮಗು ನುಂಗಿದ್ದು ಚೀಟಿಯಿಲ್ಲದೆ ಸಿಗುವ ಮಾತ್ರೆ. ಅದಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ.