ದ್ರಾಕ್ಷಿಯ ಸುಗ್ಗಿಯೂ ಒಕ್ಕಲಿಗನ ಹೊಣೆಯೂ

ಅಂತೂರ ಬೆಂತೂರದ ಎರೆಹೊಲಗಳಲ್ಲಿ ಮಾಘಮಾಸವು ಬಂದಿತೆಂದರೆ ಒಕ್ಕಲಿಗನಿಗೆ ಕೈತುಂಬ ಕೆಲಸವಿರುತ್ತದೆ. ಧರ್ಮಸಂದೇಹವೆಂಬದು ಮಾತ್ರ ಅವನ ಹತ್ತಿರ ಸುಳಿಯುವದಿಲ್ಲ. ಕಡಲೆಯನ್ನು ಕಿತ್ತು ರಾಶಿ ಮಾಡಬೇಕು, ಹಿಂಗಾರಿ ಜೋಳದ ತೆನೆ ಬಲಿತುದನ್ನು ನೋಡಿ ಕುಡುಗೋಲುಗಳನ್ನು ಹಣಿಸಬೇಕು, ಕಣವನ್ನು ಸಾರಿಸಬೇಕು. ಆ ಜೋಳವು ರೊಟ್ಟಿಯಾಗುವದು, ಆ ಕಡಲೆಯು ಬೇಳೆಯಾಗುವದು. ಅದನ್ನು ಉಂಡವರು ಯಾರು, ಉಂಡ ಮೇಲೆ ಅವರು ಏನು ಮಾಡಿದರು ಎಂದು ಬೆಳೆದವನನ್ನು ಯಾರೂ ಕೇಳರು. ಅಲ್ಲಿಂದ ಉತ್ತರಕ್ಕೆ, ಕೃಷ್ಣೆಯ ಆಚೆಗೆ, ವಿಜಯಪುರ ಸೀಮೆಯ ತಿಕೋಟಾ ಬಬಲೇಶ್ವರಗಳ ಕಡೆಗೆ ಅದೇ ಮಾಸದಲ್ಲಿ ಇನ್ನೊಂದು ಸುಗ್ಗಿಯ ಸಿದ್ಧತೆಯು ನಡೆದಿರುತ್ತದೆ. ಅಲ್ಲಿಯ ದ್ರಾಕ್ಷಿಯ ಒಕ್ಕಲಿಗನಿಗಾದರೋ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವದು ಅಷ್ಟು ಸುಲಭವಲ್ಲ.

ಅದಕ್ಕೆ ಕಾರಣವು ಬಳ್ಳಿಯಲ್ಲಿಯೇ ಇದೆ. ಚಳಿದೇಶಗಳಲ್ಲಿ ದ್ರಾಕ್ಷಿಯ ಬಳ್ಳಿಯು ಹಿಮಕಾಲದಲ್ಲಿ ಎಲೆ ಉದುರಿಸಿ ನಿದ್ರಿಸುತ್ತದೆ. ವರುಷಕ್ಕೊಂದು ಸಲ ಅದನ್ನು ಕತ್ತರಿಸಿದರೆ ಸಾಕು. ನಮ್ಮ ಸೀಮೆಯಲ್ಲಿ ಅದಕ್ಕೆ ನಿದ್ರೆಯೇ ಇಲ್ಲ. ಆದುದರಿಂದ ಏಪ್ರಿಲಿನಲ್ಲಿ ಕಡ್ಡಿಗಾಗಿ ಒಂದು, ಅಕ್ಟೋಬರದ ಸುಮಾರಿಗೆ ಹಣ್ಣಿಗಾಗಿ ಇನ್ನೊಂದು, ಹೀಗೆ ಎರಡು ಚಾಟನಿಗಳನ್ನು ಮಾಡಬೇಕಾಗುತ್ತದೆ. ಎರಡನೆಯ ಚಾಟನಿಯಿಂದ ಸುಮಾರು ನಾಲ್ಕು ತಿಂಗಳಿಗೆ ಗೊನೆಯು ಕೈಗೆ ಬರುತ್ತದೆ. ಹಾಗೆ ಬಂದ ಹಣ್ಣಿಗೆ ಮೂರು ಗತಿಗಳುಂಟು. ಪೆಟ್ಟಿಗೆಯಲ್ಲಿ ತುಂಬಿ ಪೇಟೆಗೆ ಕಳಿಸಿದರೆ ಅದು ಹಣ್ಣಾಗಿಯೇ ತಿನ್ನಲ್ಪಡುವದು. ನೆರಳಿನ ಚಪ್ಪರದ ಜಾಳಿಗೆಯ ಮೇಲೆ ಹರವಿ ಎರಡು ಮೂರು ವಾರ ಒಣಗಿಸಿದರೆ ನಾಲ್ಕು ಕಿಲೋ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ ಒಣದ್ರಾಕ್ಷಿಯಾಗುವದು. ಹಿಂಡಿ ತೊಟ್ಟಿಯಲ್ಲಿ ಬಿಟ್ಟರೆ ರಸದೊಳಗಿನ ಸಕ್ಕರೆಯಲ್ಲಿ ಅರ್ಧಭಾಗವು ಮದ್ಯಸಾರವಾಗಿಯೂ ಉಳಿದರ್ಧವು ಗಾಳಿಯಾಗಿಯೂ ಮಾರ್ಪಟ್ಟು ಅದು ದ್ರಾಕ್ಷಾರಸದ ಮದ್ಯವಾಗುವದು. ಈ ಮಾರ್ಪಾಟನ್ನು ಮಾಡುವದು ಕಣ್ಣಿಗೆ ಕಾಣದ ಜೀವಕಣವೆಂಬದನ್ನು ಫ್ರಾನ್ಸದ ಲೂಯಿ ಪಾಶ್ಚರನು 1860ರ ಸುಮಾರಿನಲ್ಲಿ ತೋರಿಸಿಕೊಟ್ಟನು. ಆ ಜೀವಕಣವು ಹಣ್ಣಿನ ತೊಗಟೆಯ ಮೇಲೆಯೇ ಕುಳಿತಿರುತ್ತದೆ. ಹಣ್ಣು ಜಜ್ಜಿದೊಡನೆ ತನ್ನ ಕೆಲಸಕ್ಕೆ ತೊಡಗುತ್ತದೆ. ಯಾರ ಅಪ್ಪಣೆಯನ್ನೂ ಕಾಯುವದಿಲ್ಲ.

ಹೀಗಿರಲು ವಾಚಕರು ಒಂದು ಮನೆತನವನ್ನು ಮನಸ್ಸಿಗೆ ತಂದುಕೊಳ್ಳಬಹುದು. ನಾಲ್ಕು ಎಕರೆ ದ್ರಾಕ್ಷಿಯ ತೋಟ. ಮನೆಯ ಹಿಂದೆ ಎರಡು ಉಕ್ಕಿನ ತೊಟ್ಟಿಗಳನ್ನೂ ಒಂದು ಹಿಂಡುವ ಯಂತ್ರವನ್ನೂ ಇರಿಸಿದ ಸಣ್ಣ ಕೊಟ್ಟಿಗೆ. ಅಬಕಾರಿ ಇಲಾಖೆಯ ಪರವಾನಿಗೆ. ಕೊಯ್ಲಿಗೆ ಇನ್ನು ಹತ್ತು ದಿನವಿರುವಾಗ ಸೊಸೆಯ ತವರಾದ ಅಂತೂರದಿಂದ ಬೀಗರು ಬಂದಿದ್ದಾರೆ. ಮನೆಯ ಯಜಮಾನನು ಅವರಿಗೆ ತೋಟವನ್ನು ತೋರಿಸುತ್ತಾನೆ: ನೀರನ್ನು ಕಡಿಮೆ ಮಾಡಿದ್ದಾನೆ, ಹಕ್ಕಿಗಳು ಬೀಳದಂತೆ ಬಲೆ ಹಾಸಿದ್ದಾನೆ, ದಿನಾಲು ಮುಂಜಾನೆ ನಾಲ್ಕು ಕಡೆಯ ಹಣ್ಣು ಕಿತ್ತು ಗಾಜಿನ ಮೇಲೆ ರಸದ ಹನಿಯಿಟ್ಟು ಸಿಹಿಯನ್ನು ಅಳೆಯುತ್ತಾನೆ. ಇಪ್ಪತ್ತೆರಡು ಅಂಶಕ್ಕೆ ಏರಿದಾಗ ಕೊಯ್ಯಬೇಕು. ಬೀಗರು ಎಲ್ಲವನ್ನೂ ಮೆಚ್ಚುತ್ತಾರೆ. ಕೊಟ್ಟಿಗೆಯ ಬಾಗಿಲಿಗೆ ಬಂದಾಗ ಮಾತ್ರ ಒಳಗೆ ಕಾಲಿಡದೆ ನಿಂತು, “ಹಣ್ಣು ಮಾರಿದರೆ ಹೊಟ್ಟೆ ತುಂಬುವದಿಲ್ಲವೇನ್ರಿ ಬೀಗರೇ? ಇಂಥ ಹಣ್ಣನ್ನು ಕೊಳೆಸುವದಾತಕ್ಕೆ?” ಎಂದು ಕೇಳುತ್ತಾರೆ.

ಪ್ರಶ್ನೆಯು ಹಳ್ಳಿಯವರದಾದರೂ ಹಳೆಯದು, ಬಹು ಹಳೆಯದು. ಬುದ್ಧನು ಉಪಾಸಕನಿಗೆ ಸಲ್ಲದ ಐದು ವ್ಯಾಪಾರಗಳನ್ನು ಹೇಳಿದನೆಂದು ಅಂಗುತ್ತರ ನಿಕಾಯದಲ್ಲಿದೆ. ಶಸ್ತ್ರ, ಪ್ರಾಣಿ, ಮಾಂಸ, ವಿಷಗಳ ಜೊತೆಗೆ ಮದ್ಯವೂ ಅದರಲ್ಲಿ ಸೇರಿದೆ. ಲಕ್ಕುಂಡಿ ಮುಳಗುಂದಗಳಲ್ಲಿ ಬಸದಿಗಳನ್ನು ಕಟ್ಟಿಸಿದ ಜೈನ ಗೃಹಸ್ಥರಿಗೂ ಅವರ ಆಚಾರಶಾಸ್ತ್ರವು ಕೆಲವು ವೃತ್ತಿಗಳನ್ನು ನಿಷೇಧಿಸಿತ್ತು. ಮದ್ಯವನ್ನೊಳಗೊಂಡ ರಸವಾಣಿಜ್ಯವು ಅವುಗಳಲ್ಲೊಂದು. ಇಲ್ಲಿ ಒಂದು ಸೂಕ್ಷ್ಮವುಂಟು. ಈ ಎರಡೂ ಕಡೆಯಲ್ಲಿ ದೋಷವನ್ನು ಹೊರಿಸಿದ್ದು ಮಾರುವವನ ಮೇಲೆ. ಬಳ್ಳಿಯನ್ನು ನೆಟ್ಟವನ ಹೆಸರು ಆ ಪಟ್ಟಿಯಲ್ಲಿಲ್ಲ. ಬೆಳೆಯುವವನೂ ಹಿಂಡುವವನೂ ಮಾರುವವನೂ ಒಬ್ಬನೇ ಆದಾಗ, ಅಂದರೆ ಸಣ್ಣ ಮನೆತನದ ಮದ್ಯಶಾಲೆಯಲ್ಲಿ, ಆ ಭೇದವು ಅಳಿದುಹೋಗುತ್ತದೆ.

ಶರಣರ ಕಡೆಗೆ ಹೊರಳಿದರೆ ಪ್ರಶ್ನೆಯು ಇನ್ನೂ ಬಿಗಿಯಾಗುತ್ತದೆ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಹೆಂಡದ ಮಾರಯ್ಯನೆಂಬವನೊಬ್ಬನಿದ್ದನು. ಧರ್ಮೇಶ್ವರಲಿಂಗವೆಂಬ ಅಂಕಿತದಲ್ಲಿ ಅವನ ಕೆಲವು ವಚನಗಳು ಉಳಿದಿವೆ. ಅವನ ಕಾಯಕವು ಹೆಂಡವನ್ನು ಮಾರುವದು. ಮಾರುತ್ತಲೇ, ಕೊಳ್ಳಬಂದವರಿಗೆ ಕುಡಿತದ ಕೇಡನ್ನು ತಿಳಿಯಹೇಳುತ್ತಿದ್ದನೆಂದು ಪ್ರತೀತಿ. ಇದನ್ನು ಕೇಳಿ ನಗುವವರು ಇರಬಹುದು. ಬೇಡವೆಂದು ಹೇಳುತ್ತ ಅಳೆದುಕೊಡುವ ಅಂಗಡಿಕಾರನು ಎರಡು ದೋಣಿಗಳಲ್ಲಿ ಕಾಲಿಟ್ಟವನಂತೆ ತೋರುತ್ತಾನೆ. ಆದರೆ ಕಲ್ಯಾಣದ ಶರಣರು ಅವನನ್ನು ಹೊರಗೆ ನಿಲ್ಲಿಸಲಿಲ್ಲವೆಂಬದನ್ನು ಮರೆಯಬಾರದು. ಮಾರಯ್ಯನಲ್ಲಿದ್ದ ಒಂದು ಗುಣವು ಅವನನ್ನು ಬೇರೆ ಮಾರಾಟಗಾರರಿಂದ ಪ್ರತ್ಯೇಕಿಸುತ್ತದೆ: ಅವನು ಕುಡಿಯುವವನ ಮೋರೆಯನ್ನು ನೋಡುತ್ತಿದ್ದನು. ಇವತ್ತಿನ ದೊಡ್ಡ ಕಾರಖಾನೆಯ ಒಡೆಯನಿಗೆ ಆ ಕಷ್ಟವಿಲ್ಲ. ಶೀಸೆಯು ಅವನ ಕೈಯಿಂದ ನೂರು ಕೈಗಳನ್ನು ದಾಟಿ ಹೋಗುತ್ತದೆ.

ರಾಜ್ಯದ ಮನಸ್ಸೂ ಈ ವಿಷಯದಲ್ಲಿ ಒಂದೇ ಕಡೆಗೆ ನಿಂತಿಲ್ಲ. ಗದಗ ತಾಲೂಕು ಧಾರವಾಡ ಜಿಲ್ಲೆಯೊಡನೆ ಮುಂಬಯಿ ಪ್ರಾಂತದಲ್ಲಿದ್ದಾಗ 1949ರ ಪಾನನಿರೋಧದ ಕಾನೂನು ಇಲ್ಲಿಗೂ ಅನ್ವಯಿಸಿತು. ಸಂವಿಧಾನದ 47ನೆಯ ಅನುಚ್ಛೇದವು ಮಾದಕ ಪಾನೀಯಗಳನ್ನು ನಿಲ್ಲಿಸಲು ಯತ್ನಿಸಬೇಕೆಂದು ರಾಜ್ಯಕ್ಕೆ ವಿಧಿಸಿದೆ. ಅದಿರಲಿ, 2007ನೆಯ ಇಸ್ವಿಯನ್ನು ನೋಡಿರಿ. ಆ ವರುಷ ಕರ್ನಾಟಕವು ಸಾರಾಯಿಯನ್ನು ನಿಷೇಧಿಸಿತು. ದ್ರಾಕ್ಷಿ ಸಂಸ್ಕರಣೆ ಮತ್ತು ವೈನಿನ ನೀತಿಯೂ ಆ ವರುಷದ್ದೇ. ಕೂಲಿಕಾರನ ಪಾನವು ಮುಚ್ಚಿತು, ಸಾಹುಕಾರನ ಪಾನಕ್ಕೆ ಪ್ರೋತ್ಸಾಹವು ದೊರೆಯಿತು ಎಂದು ಆಡಿಕೊಂಡರೆ ಅದರಲ್ಲಿ ಅರ್ಧ ನಿಜವಾದರೂ ಇದೆ. ಸಾರಾಯಿಯು ಎಷ್ಟೋ ಬಡವರ ಮನೆಯ ಒಲೆಯನ್ನು ಆರಿಸಿತ್ತೆಂಬದು ಉಳಿದರ್ಧ. ದ್ರಾಕ್ಷಿಯ ಮದ್ಯದಲ್ಲಿ ನೂರಕ್ಕೆ ಹನ್ನೆರಡು ಹದಿಮೂರು ಪಾಲು ಮಾತ್ರ ಮದ್ಯಸಾರವಿರುತ್ತದೆಂದು ಅದರ ಪಕ್ಷದವರು ಹೇಳುವರು. ಹೌದು, ಆದರೆ ಪ್ರಮಾಣವು ಕಡಿಮೆಯೆಂಬದು ಬಟ್ಟಲಿಗೆ ಸಂಬಂಧಿಸಿದ ಮಾತು, ಬಟ್ಟಲುಗಳ ಸಂಖ್ಯೆಗೆ ಸಂಬಂಧಿಸಿದ್ದಲ್ಲ.

ಯಜಮಾನನ ಪಕ್ಷವನ್ನೂ ನ್ಯಾಯವಾಗಿ ಕೇಳಬೇಕು. ಅವನು ಬೀಗರಿಗೆ ಹೀಗೆ ಉತ್ತರ ಕೊಡಬಹುದು: “ನಿಮ್ಮ ಜೋಳದಿಂದಲೂ ಮದ್ಯವಾಗುತ್ತದೆ, ಕಬ್ಬಿನ ಕಾಕಂಬಿಯಿಂದಂತೂ ಆಗಿಯೇ ಆಗುತ್ತದೆ. ಕಬ್ಬಿನವನನ್ನು ಯಾರೂ ಬಾಗಿಲಲ್ಲಿ ನಿಂತು ಕೇಳುವದಿಲ್ಲವಲ್ಲ?” ಇದಕ್ಕೆ ಮರುನುಡಿಯೆಂದರೆ, ಕಬ್ಬಿನವನು ಸಕ್ಕರೆಯನ್ನು ಉದ್ದೇಶಿಸುತ್ತಾನೆ, ಮದ್ಯವು ಅವನ ಉದ್ದೇಶದ ಹೊರಗೆ ಆಗುವದು ಎಂಬದು. ಆದರೆ ಈ ಮರುನುಡಿಯಲ್ಲಿ ಒಂದು ಬಿರುಕಿದೆ. ತನ್ನ ಮಾಲು ಎಲ್ಲಿಗೆ ಹೋಗುವದೆಂದು ಅರಿಯದಿರುವದನ್ನೇ ನಿರ್ದೋಷವೆಂದು ಕರೆದರೆ, ಕಣ್ಣುಮುಚ್ಚಿಕೊಂಡವನೇ ಎಲ್ಲರಿಗಿಂತ ಪುಣ್ಯವಂತನಾದಾನು. ಒಣದ್ರಾಕ್ಷಿಯವನನ್ನೇ ತೆಗೆದುಕೊಳ್ಳಿರಿ. ಅವನು ಮದ್ಯದ ಗೊಡವೆಗೆ ಹೋದವನಲ್ಲ. ಆದರೂ ಬಂಗಾರದ ಬಣ್ಣದ ಒಣದ್ರಾಕ್ಷಿಗೆ ಪೇಟೆಯಲ್ಲಿ ಬೆಲೆ ಹೆಚ್ಚೆಂದು ಗಂಧಕದ ಹೊಗೆ ಕೊಡುವಾಗ ಮಿತಿಯನ್ನು ಮೀರಿದರೆ, ಉಸಿರಾಟದ ಬೇನೆಯವರಿಗೆ ಅದರಿಂದ ಬಾಧೆಯಾಗಬಹುದು. ಬೇನೆಯವನು ಯಾವ ಊರಲ್ಲಿರುವನೋ! ಅರಿಯದಿರುವದು ಇಲ್ಲಿ ಸುಖವನ್ನು ಕೊಟ್ಟೀತು, ಶುದ್ಧಿಯನ್ನು ಕೊಡಲಾರದು. ಈ ದೃಷ್ಟಿಯಿಂದ ತೊಟ್ಟಿಯಿಟ್ಟ ಮನೆತನವು ಹೆಚ್ಚು ಹೊಣೆಯುಳ್ಳದ್ದು, ಏಕೆಂದರೆ ಅದು ಹೆಚ್ಚು ಬಲ್ಲದು. ಅದೇ ಕಾರಣಕ್ಕಾಗಿ ಅದರ ಕೈಯಲ್ಲಿ ಹೆಚ್ಚು ಅಧಿಕಾರವೂ ಇದೆ: ಯಾರಿಗೆ ಮಾರಬೇಕು, ಎಷ್ಟು ಮಾಡಬೇಕು, ಯಾವಾಗ ಬಾಗಿಲು ಹಾಕಬೇಕು ಎಂಬದನ್ನು ಅದು ತಾನೇ ಗೊತ್ತುಮಾಡಬಲ್ಲದು.

ಗೊತ್ತುಮಾಡಬಲ್ಲದು ಎಂದುದು ಸಾಲವಿಲ್ಲದ ಮನೆಗೆ ಮಾತ್ರ ಒಪ್ಪುವ ಮಾತು. ದ್ರಾಕ್ಷಿಯ ತೋಟಕ್ಕೆ ಕಂಬ, ತಂತಿ, ಹನಿನೀರಿನ ಕೊಳವೆ, ಔಷಧಿ ಎಂದು ಮೊದಲೇ ಸುರಿಯಬೇಕಾದ ಹಣವು ಜೋಳದ ಒಕ್ಕಲಿಗನು ಕನಸಿನಲ್ಲಿಯೂ ಕಂಡಿರದಷ್ಟು. 2009ರಲ್ಲಿ ಸಪ್ಟೆಂಬರದ ಕೊನೆಗೂ ಅಕ್ಟೋಬರದ ಮೊದಲಿಗೂ ಉತ್ತರ ಕರ್ನಾಟಕದ ಮೇಲೆ ಬಿದ್ದ ಮಳೆಯಂಥದು ಚಾಟನಿಯ ಹೊತ್ತಿಗೆ ಬಂದರೆ ವರುಷದ ಹಣ್ಣೇ ಹೋಗಬಹುದು, ಸಾಲವು ಹೋಗುವದಿಲ್ಲ. ಸಾಲಗಾರನಿಗೆ ಧರ್ಮಾಧರ್ಮವಿವೇಕವು ಇಲ್ಲವೆಂದಲ್ಲ, ಅದರಂತೆ ನಡೆಯುವ ಅವಕಾಶವು ಸಾಲಕೊಟ್ಟವನ ಪೆಟ್ಟಿಗೆಯಲ್ಲಿರುತ್ತದೆ. ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದ್ದು ಹಣದ ಅನುಕೂಲಕ್ಕಾಗಿ ಮಾತ್ರವೆಂದು ತಿಳಿಯುವದು ರೂಢಿಯಾಗಿದೆ. ಆ ಪದ್ಧತಿಯ ನೈತಿಕವಾದ ಮುಖವು ಬೇರೆಯೇ ಇದೆ. ಅಲ್ಲಿ ಸಾಲ ಕೊಡುವವನೂ ಕೊಳ್ಳುವವನೂ ಒಂದೇ ಊರಿನವರು. ಒಬ್ಬರ ಹೊಲವನ್ನು ಒಬ್ಬರು ಬಲ್ಲರು. ಮೋರೆ ನೋಡಿ ಕೊಟ್ಟ ಸಾಲವು ಒಕ್ಕಲಿಗನನ್ನು ಬಾಗಿಸಬಹುದು, ಮುರಿಯಲಾರದು. ಯಜಮಾನನು ತೊಟ್ಟಿಯಿಟ್ಟದ್ದು ಆಸೆಯಿಂದಲೋ ಸಾಲದ ಒತ್ತಡದಿಂದಲೋ ಎಂದು ಬೀಗರು ಕೇಳಲಿಲ್ಲ. ಕೇಳಿದ್ದರೆ ಬಾಗಿಲಲ್ಲಿ ಅಷ್ಟು ಗಟ್ಟಿಯಾಗಿ ನಿಲ್ಲುತ್ತಿದ್ದರೋ ಇಲ್ಲವೋ.

ಇಷ್ಟಾದ ಮೇಲೂ, ಮದ್ಯವನ್ನು ಮಾಡಬೇಕೋ ಬಾರದೋ ಎಂಬ ದೊಡ್ಡ ಪ್ರಶ್ನೆಯನ್ನು ಹಿಡಿದುಕೊಂಡು ಸುಗ್ಗಿಯ ಸಿದ್ಧತೆಯೊಳಗಿನ ಸಣ್ಣ ಪ್ರಶ್ನೆಗಳನ್ನು ಬಿಟ್ಟುಬಿಡುವದು ವಿಚಾರವಂತರಲ್ಲಿಯೂ ಕಂಡುಬರುವ ದೋಷವಾಗಿದೆ. ಕೊಯ್ಲಿಗೆ ಹತ್ತು ದಿನವಿರುವಾಗ ಮೋಡ ಕವಿಯುತ್ತದೆ. ಗೊನೆಗೆ ಬೂದಿರೋಗದ ಭಯ. ಔಷಧಿಯ ಚೀಟಿಯ ಮೇಲೆ, ಸಿಂಪಡಿಸಿದ ಬಳಿಕ ಇಂತಿಷ್ಟು ದಿನ ಕೊಯ್ಯಕೂಡದೆಂದು ಅಚ್ಚಾಗಿದೆ. ಸಿಂಪಡಿಸಿ ಐದೇ ದಿನಕ್ಕೆ ಕೊಯ್ದರೆ ಯಾರು ಕಂಡಾರು? ಇಲ್ಲೊಂದು ವಿಚಿತ್ರವುಂಟು. ಗಂಧಕದ ಪುಡಿಯು ತೊಗಟೆಯ ಮೇಲೆ ಉಳಿದ ಹಣ್ಣನ್ನು ತೊಟ್ಟಿಗೆ ಹಾಕಿದರೆ ರಸವು ಕೊಳೆತ ತತ್ತಿಯಂತೆ ನಾರುವದು. ಮಾಡಿದವನ ತಪ್ಪು ಅವನ ಮೂಗಿಗೇ ಬಡಿಯುವದು. ಅದೇ ಅವಸರದ ಹಣ್ಣನ್ನು ಪೆಟ್ಟಿಗೆಯಲ್ಲಿ ಪೇಟೆಗೆ ಕಳಿಸಿದರೆ ಯಾವುದೋ ಊರಿನ ಕೂಸು ತಿನ್ನುತ್ತದೆ, ಬೆಳೆದವನಿಗೆ ಏನೂ ತಿಳಿಯುವದಿಲ್ಲ. ಆದುದರಿಂದ ಮದ್ಯದ ಹಣ್ಣಿನ ವಿಷಯದಲ್ಲಿ ಸ್ವಾರ್ಥವೇ ಕಾವಲಿರುವದು, ತಿನ್ನುವ ಹಣ್ಣಿಗೆ ಧರ್ಮಬುದ್ಧಿಯೊಂದೇ ಕಾವಲು. “ಹಣ್ಣು ಮಾರಿದರೆ ಸಾಲದೇ” ಎಂದ ಬೀಗರು ಈ ಕಡೆಯನ್ನು ಎಣಿಸಿರಲಿಲ್ಲ.

ಇನ್ನು ಆಳುಗಳು. ಬಿಸಿಲೇರುವ ಮೊದಲು ತಣ್ಣಗಿರುವಾಗಲೇ ಹಣ್ಣು ಕೊಯ್ಯಬೇಕೆಂದು ನಸುಕಿನಲ್ಲಿ ಹೆಣ್ಣುಮಕ್ಕಳನ್ನು ಕರೆಯುತ್ತಾರೆ. ಗಂಡಾಳಿಗಿಂತ ಅವರ ಕೂಲಿ ಕಡಿಮೆಯಿಡುವದು ಹಲವು ಕಡೆ ರೂಢಿ. ಗೊನೆಯನ್ನು ನೋಯಿಸದೆ ಕತ್ತರಿಸುವ ಕೈ ಮಾತ್ರ ಅವರದೇ ಬೇಕು. ಇದರಲ್ಲಿ ತತ್ತ್ವಜಿಜ್ಞಾಸೆಗೆ ಎಡೆಯಿಲ್ಲ. ಲೆಕ್ಕದ ಪುಸ್ತಕದಲ್ಲಿ ಒಂದು ಅಂಕಿಯನ್ನು ತಿದ್ದಿದರೆ ಆಯಿತು.

ಎಲ್ಲಕ್ಕಿಂತ ಭಾರವಾದುದು ತೊಟ್ಟಿಯ ಮಾತು. ರಸವು ಹುದುಗುವಾಗ ಹುಟ್ಟುವ ಇಂಗಾಲಾಮ್ಲದ ಗಾಳಿಗೆ ಬಣ್ಣವಿಲ್ಲ. ಅದು ಸಾಮಾನ್ಯ ಗಾಳಿಗಿಂತ ಭಾರವಾದುದರಿಂದ ಮೇಲೇರದೆ ತೊಟ್ಟಿಯ ತಳದಲ್ಲಿ ತುಂಬಿ ನಿಲ್ಲುತ್ತದೆ. ರಸವನ್ನು ಬಸಿದ ಮೇಲೆ ಉಳಿದ ಸಿಪ್ಪೆ ಬೀಜಗಳನ್ನು ಎತ್ತಿಹಾಕಲು ಆಳನ್ನು ಒಳಗಿಳಿಸಿದರೆ ಅವನು ಕೂಗುವಷ್ಟು ವೇಳೆಯೂ ಇಲ್ಲದೆ ಬೀಳಬಹುದು. ಅವನನ್ನು ಎತ್ತಲು ಹಾರಿದವನೂ ಅವನ ಮೇಲೆಯೇ ಬೀಳಬಹುದು. ದ್ರಾಕ್ಷಿಯ ಮದ್ಯಕ್ಕೆ ಹೆಸರಾದ ದೇಶಗಳಲ್ಲಿ ಇಂಥ ಸಾವುಗಳು ಇಂದಿಗೂ ನಿಂತಿಲ್ಲ.

ರಾತ್ರಿ ಊಟವಾದ ಮೇಲೆ ಯಜಮಾನನು ಈ ಸಂಗತಿಯನ್ನು ಹೇಳಿದಾಗ ಬೀಗರು ಮೊದಲನೆಯ ಸಲ ಕೊಟ್ಟಿಗೆಯ ವಿಷಯದಲ್ಲಿ ಮನಸ್ಸಿಟ್ಟು ಮಾತನಾಡುತ್ತಾರೆ. ಎರೆನೆಲದ ಊರುಗಳಲ್ಲಿ ಹಿಂದೆ ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿಗೆ ಮಣ್ಣು ಮೆತ್ತುತ್ತಿದ್ದರು. ಕಾಳೂ ಉಸಿರಾಡುವ ವಸ್ತು. ತಿಂಗಳುಗಟ್ಟಲೆ ಮುಚ್ಚಿದ ಹಗೇವಿನೊಳಗೆ ಸೇರುತ್ತಿದ್ದುದು ಇದೇ ಗಾಳಿ. ಬಾಯಿ ತೆರೆದ ಕೂಡಲೆ ಯಾರನ್ನೂ ಇಳಿಸುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ದೀಪವು ಉರಿದರೆ ಮಾತ್ರ ಆಳಿನ ಸೊಂಟಕ್ಕೆ ಹಗ್ಗ ಬಿಗಿದು ಇಳಿಸುತ್ತಿದ್ದರು. “ನಮ್ಮ ಅಪ್ಪ ಕಂದೀಲು ಬಿಡದೆ ಯಾರನ್ನೂ ಇಳಿಸಲಿಲ್ಲರಿ. ಆಳು ಅವಸರ ಮಾಡಿದರೂ ಇಳಿಸಲಿಲ್ಲ” ಎಂದು ಅವರು ಹೇಳುತ್ತಾರೆ. ದೀಪವು ಆರಿದರೆ ಅಪಾಯವು ನಿಶ್ಚಯ, ಆದರೆ ಉರಿದಮಾತ್ರಕ್ಕೆ ಅಪಾಯವಿಲ್ಲವೆಂದು ನಂಬಲಾಗದು, ಆದುದರಿಂದ ಈಗ ಗಾಳಿಯನ್ನು ಅಳೆಯುವ ಯಂತ್ರವನ್ನೇ ಇಳಿಬಿಡಬೇಕು ಎಂದು ಮನೆಯ ಮಗನು ನಡುವೆ ಹೇಳುತ್ತಾನೆ. ಆ ಯಂತ್ರವನ್ನು ತಂದಿರುವೆಯಾ ಎಂದು ಬೀಗರು ಕೇಳುತ್ತಾರೆ. ಮಗನು ತಂದೆಯ ಕಡೆಗೆ ನೋಡುತ್ತಾನೆ. ಈ ವರುಷ ಹಣ ಸಾಲದೆ ಬಿಟ್ಟಿದ್ದರು.

ಮರುದಿನ ಬೀಗರು ಕಡಲೆ ಕೀಳುವ ಕೆಲಸವಿದೆಯೆಂದು ಹೊರಟು ನಿಲ್ಲುತ್ತಾರೆ. ಸೊಸೆಯು ತವರಿಗೆಂದು ಒಂದು ಬುಟ್ಟಿ ಹಣ್ಣನ್ನು ಕಟ್ಟಿಕೊಡುತ್ತಾಳೆ. ಕಪಾಟಿನಲ್ಲಿ ಹೋದ ವರುಷದ ಶೀಸೆಗಳಿವೆ. ಯಜಮಾನನು ಆ ಕಡೆಗೆ ಕೈ ಚಾಚಿ ಹಿಂದೆಗೆದುಕೊಳ್ಳುತ್ತಾನೆ, ಬೀಗರೂ ನೋಡದವರಂತೆ ಬುಟ್ಟಿಯನ್ನು ಹೆಗಲಿಗೇರಿಸುತ್ತಾರೆ. ಬಸ್ಸಿನ ವೇಳೆಯಾಗುತ್ತ ಬಂದಿದೆ. ಮಗನು ಅವರನ್ನು ವಿಜಯಪುರದವರೆಗೆ ಬಿಟ್ಟುಬರಲು ಗಾಡಿಯನ್ನು ತೆಗೆಯುತ್ತಾನೆ. ತಂದೆಯು ಅವನ ಕೈಯಲ್ಲಿ ಒಂದಿಷ್ಟು ಹಣವನ್ನಿಟ್ಟು, ಬರುವಾಗ ಆ ಯಂತ್ರವನ್ನು ವಿಚಾರಿಸಿ ತಾ ಎಂದು ಹೇಳುತ್ತಾನೆ.