ಉಸಿರೆಂಬ ಅಮಾನತ್ತು

ಈ ಸಾಲುಗಳನ್ನು ಓದುತ್ತಿರುವಾಗಲೂ ನೀವು ಉಸಿರಾಡುತ್ತಿದ್ದೀರಿ. ಅದರ ಕಡೆಗೆ ಗಮನ ಹರಿಸಿದ್ದಿರಾ? ನಿದ್ರೆಯಲ್ಲೂ ನಿಲ್ಲದ ಈ ಕೆಲಸ ದಿನಕ್ಕೆ ಸುಮಾರು 20,000 ಬಾರಿ ನಡೆಯುತ್ತದೆ. ಮನುಷ್ಯನು ತನ್ನೊಳಗೇ ಇರುವ ದೃಷ್ಟಾಂತಗಳನ್ನು ನೋಡಬೇಕೆಂದು ಪವಿತ್ರ ಕುರ್‌ಆನ್ ಅದ್ದಾರಿಯಾತ್ ಅಧ್ಯಾಯದಲ್ಲಿ ಎಚ್ಚರಿಸುತ್ತದೆ. ಬನ್ನಿ, ಸ್ವಲ್ಪ ನೋಡೋಣ.

ಹೊರಗಿನ ಗಾಳಿಯಲ್ಲಿ ಧೂಳಿದೆ. ಮೂಗಿನ ಕೂದಲು ಮತ್ತು ಅಂಟು ಲೋಳೆ ಅದನ್ನು ಹಿಡಿದಿಡುತ್ತವೆ. ಒಳಪೊರೆಯು ಗಾಳಿಯನ್ನು ಬೆಚ್ಚಗೆ ಮಾಡಿ ತೇವಗೊಳಿಸುತ್ತದೆ. ವುಝೂವಿನಲ್ಲಿ ಮೂಗಿಗೆ ನೀರೆಳೆದು ಸೀನುವುದನ್ನು ಹಲವರು ಬೆರಳು ತಾಗಿಸಿ ಮುಗಿಸುತ್ತಾರೆ. ಉಪವಾಸದ ಹೊರತು ಅದನ್ನು ಚೆನ್ನಾಗಿ ಮಾಡಿರೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ.

ಗಂಟಲಿನಲ್ಲಿ ಅನ್ನದ ದಾರಿಯೂ ಗಾಳಿಯ ದಾರಿಯೂ ಕೂಡುತ್ತವೆ. ನುಂಗುವಾಗ ಎಲೆಯಂತಹ ಒಂದು ಮುಚ್ಚಳ ಶ್ವಾಸನಾಳದ ಬಾಯಿಗೆ ಅಡ್ಡ ಬರುತ್ತದೆ. ತುತ್ತು ಬಾಯಲ್ಲಿಟ್ಟು ನಕ್ಕರೆ ನೆತ್ತಿಗೇರುವುದು ಈ ಏರ್ಪಾಡು ಒಂದು ಕ್ಷಣ ತಪ್ಪಿದ್ದರಿಂದ. ಶ್ವಾಸನಾಳವನ್ನು ಕುಸಿಯದಂತೆ ಹಿಡಿದಿರುವ ಮೃದ್ವಸ್ಥಿಯ ಬಳೆಗಳು ಪೂರ್ಣ ಬಳೆಗಳಲ್ಲ, ಹಿಂದೆ ತೆರೆದಿವೆ. ಅದರ ಹಿಂದೆಯೇ ಅನ್ನನಾಳವಿದೆ. ತುತ್ತು ಇಳಿಯುವಾಗ ಅದು ಹಿಗ್ಗಬೇಡವೇ?

ಮುಂದೆ ನಾಳವು ಎರಡಾಗಿ ಕವಲೊಡೆಯುತ್ತದೆ. ಬಲ ಶ್ವಾಸಕೋಶಕ್ಕೆ ಮೂರು ಹಾಲೆಗಳು, ಎಡಕ್ಕೆ ಎರಡೇ. ಹೃದಯಕ್ಕೆ ಜಾಗ ಬೇಕಲ್ಲ! ಕವಲುಗಳ ತುದಿಯಲ್ಲಿ 30 ಕೋಟಿಗೂ ಮಿಕ್ಕ ವಾಯುಕೋಶಗಳಿವೆ. ಇಲ್ಲಿ ರಕ್ತವು ಆಮ್ಲಜನಕವನ್ನು ಪಡೆದು ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಡುತ್ತದೆ. ಎದೆಯ ಕೆಳಗಿನ ವಪೆಯೆಂಬ ಸ್ನಾಯು ಕೆಳಗಿಳಿದಾಗ ಗಾಳಿ ಒಳಬರುತ್ತದೆ, ಸಡಿಲಿಸಿದಾಗ ಹೊರಹೋಗುತ್ತದೆ.

ಹೃದಯದ ಬಲಭಾಗದ ರಕ್ತ ನಡುಗೋಡೆಯನ್ನು ದಾಟುವುದಿಲ್ಲ, ಶ್ವಾಸಕೋಶಕ್ಕೆ ಹೋಗಿ ಗಾಳಿಯೊಂದಿಗೆ ಬೆರೆತೇ ಎಡಭಾಗಕ್ಕೆ ಬರುತ್ತದೆ ಎಂದು 13ನೇ ಶತಮಾನದಲ್ಲೇ ಬರೆದವರು ಇಬ್ನುನ್ನಫೀಸ್. ಕೈರೋದಲ್ಲಿ 1288ರಲ್ಲಿ ನಿಧನರಾದ ಈ ವೈದ್ಯರು ಫಿಕ್ಹ್ ಪಂಡಿತರೂ ಆಗಿದ್ದರು. ಗೇಲನ್‌ನ ಮಾತನ್ನೂ ಇಬ್ನು ಸೀನಾರ ಮಾತನ್ನೂ ಅವರು ಕಣ್ಣುಮುಚ್ಚಿ ಒಪ್ಪಲಿಲ್ಲ. ಅವರ ಹಸ್ತಪ್ರತಿ ಬರ್ಲಿನ್‌ನಲ್ಲಿ ಬೆಳಕಿಗೆ ಬಂದದ್ದು 1924ರಲ್ಲಿ. ನಾವು ಅವರ ಹೆಸರು ಹೇಳಿ ಹೆಮ್ಮೆಪಡುತ್ತೇವೆ, ಮಕ್ಕಳಿಗೆ ವಿಜ್ಞಾನ ಓದಿಸಲು ಮಾತ್ರ ಹಿಂಜರಿಯುತ್ತೇವೆ!

ಸಹೋದರರೇ, ಈಗ ನಿಮ್ಮ ಜೇಬಿನ ಬೀಡಿಯ ಕಡೆಗೆ ಬರೋಣ. ಶ್ವಾಸನಾಳದೊಳಗೆ ಕಣ್ಣಿಗೆ ಕಾಣದ ರೋಮಗಳಿವೆ. ಅವು ಹಗಲಿರುಳು ಅಲುಗಾಡುತ್ತಾ ಕಸವನ್ನು ಲೋಳೆಯೊಂದಿಗೆ ಮೇಲಕ್ಕೆ ತಳ್ಳುತ್ತವೆ. ಹೊಗೆ ಅವುಗಳನ್ನು ನಿಸ್ಸತ್ವಗೊಳಿಸುತ್ತದೆ. ಹಸಿ ಬೆಳ್ಳುಳ್ಳಿ ತಿಂದವರು ಆ ವಾಸನೆಯೊಂದಿಗೆ ಮಸೀದಿಗೆ ಬರಬಾರದೆಂದು ಪ್ರವಾದಿವರ್ಯರು(ಸ) ಹೇಳಿರುವಾಗ, ಬೀಡಿಯ ನಾತ ಹೊತ್ತು ಸಫ್‌ನಲ್ಲಿ ನಿಲ್ಲುವುದು ಹೇಗೆ? ಧೂಮಪಾನ ಹರಾಮೋ ಮಕ್ರೂಹೋ ಎಂದು ವಾದಿಸುತ್ತಾ ಕೂರುವವರಿಗೆ ನನ್ನದೊಂದೇ ಪ್ರಶ್ನೆ: ಪಕ್ಕದಲ್ಲಿ ಮಲಗಿದ ಮಗುವಿನ ಎದೆಗೆ ನಿಮ್ಮ ಹೊಗೆ ತುಂಬಲು ಯಾರು ಅನುಮತಿ ಕೊಟ್ಟರು? ಮಗುವೂ ನಿಮ್ಮ ಕೈಯಲ್ಲಿರುವ ಅಮಾನತ್ತೇ. ಸೌದೆ ಒಲೆಯ ಮುಂದೆ ಕೆಮ್ಮುವ ಮನೆಯಾಕೆಯ ಎದೆಯೂ ಹಾಗೆಯೇ. ಅಡುಗೆಮನೆಗೆ ಒಂದು ಕಿಟಕಿ ಇಡಿಸಿರಿ.

ಬೀಡಿ ಬಿಟ್ಟ ಮೊದಲ ಕೆಲವು ವಾರ ಕೆಮ್ಮು ಹೆಚ್ಚಾದೀತು. ಹೆದರಿ ಮತ್ತೆ ಹಚ್ಚಬೇಡಿ, ಆ ರೋಮಗಳು ಚೇತರಿಸಿಕೊಂಡು ಕಸ ಗುಡಿಸುತ್ತಿವೆ. ಆದರೆ ಯಾರದೇ ಕೆಮ್ಮು ಎರಡು ವಾರ ದಾಟಿದರೆ ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿರಿ. ಕ್ಷಯದ ಪರೀಕ್ಷೆಯೂ ಔಷಧಿಯೂ ಅಲ್ಲಿ ಉಚಿತ.