ಮೊದಲು ಕಟ್ಟಬೇಕಾದ ತಂತಿ

ಮುಂಗಾರಿಗೆ ಮುಂಚಿನ ಸಂಜೆಗಳಲ್ಲಿ ಸಿಡಿಲಿನ ಕಾಟ ಹೆಚ್ಚು. ಮರುದಿನ ಊರಲ್ಲಿ ನೆಟ್‌ವರ್ಕ್ ಇಲ್ಲವೆಂದರೆ ಎಲ್ಲರೂ ಕಂಪನಿಯನ್ನು ಬೈಯುತ್ತಾರೆ. ಟವರಿನ ಬುಡದ ಯಂತ್ರಗಳ ರ್‍ಯಾಕಿಗೆ ಅರ್ಥಿಂಗಿನ (ಭೂಮಿಗೆ ಜೋಡಿಸುವ) ಹಸಿರು ತಂತಿಯನ್ನು ಯಾರು, ಹೇಗೆ ಕಟ್ಟಿದರೆಂದು ಮಾತ್ರ ಯಾರೂ ವಿಚಾರಿಸುವುದಿಲ್ಲ.

ಈ ತಂತಿಯ ಅಗತ್ಯ ಹೊಸದೇನಲ್ಲ. ಕಿತ್ತೂರಿನಲ್ಲಿ 1986ರಲ್ಲಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಮೊದಲ 128 ಲೈನಿನ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ ಶುರುವಾಯಿತು. ಏರ್‌ಕಂಡೀಷನ್ ಇಲ್ಲದ ಹಳ್ಳಿಯ ಕೋಣೆಯಲ್ಲೂ ನಡೆಯಲೆಂದೇ ರೂಪಿಸಿದ ಯಂತ್ರವದು. ಆದರೆ ಬ್ಯಾಟರಿ, ಅರ್ಥಿಂಗ್ ಎರಡೂ ಅದಕ್ಕೆ ಬೇಕೇ ಬೇಕಿತ್ತು. ಇವತ್ತಿನ ಟವರುಗಳ ರ್‍ಯಾಕಿಗೂ ಆ ಎಕ್ಸ್‌ಚೇಂಜಿಗಿದ್ದಂಥ 48 ವೋಲ್ಟಿನ ಡಿಸಿಯೇ.

48 ವೋಲ್ಟ್ ಒಣ ಕೈಗೆ ಸಾಮಾನ್ಯವಾಗಿ ಹೊಡೆಯುವುದಿಲ್ಲ. ಹಾಗಾಗಿಯೇ ಕೆಲಸಕ್ಕೆ ಬರುವ ಹುಡುಗರಿಗೆ ಅದರ ಭಯವಿಲ್ಲ. ಆದರೆ ಬ್ಯಾಟರಿಯ ಎರಡು ತುದಿಗಳಿಗೆ ಒಂದು ಸ್ಪ್ಯಾನರ್ ಅಡ್ಡ ಬಿದ್ದರೆ ಸಾವಿರಾರು ಆಂಪಿಯರ್ ಕರೆಂಟು ಹರಿಯಬಲ್ಲದು. ಕಬ್ಬಿಣ ಕರಗಿ ಸಿಡಿಯುತ್ತದೆ. ಬೆರಳಿನ ಉಂಗುರ ಸಿಕ್ಕಿಕೊಂಡರೆ ಬೆರಳೇ ಸುಡುತ್ತದೆ. ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗಿಳಿಯುವುದರಿಂದ ಕಿಡಿ ಆರಲು ಸಂದು ಸಿಗುತ್ತದೆ. ಡಿಸಿಯಲ್ಲಿ ಆ ಸಂದು ಇಲ್ಲ. ಮನೆಗೆ ಹಾಕುವ ಎಂಸಿಬಿಯನ್ನೇ ಇಲ್ಲಿಗೂ ಹಾಕಿದರೆ ಸಾಲದು. ಡಿಸಿಗೆಂದೇ ಮಾಡಿದ್ದು ಬೇಕು.

ಇನ್ನೊಂದು ಅಪಾಯ ನಮ್ಮ ಕಡೆಯ ಹುಡುಗರಿಗೇ ವಿಶೇಷ. ಹೊನ್ನಾಳಿಯಲ್ಲೋ ನ್ಯಾಮತಿಯಲ್ಲೋ ಟ್ರ್ಯಾಕ್ಟರಿನ ವೈರಿಂಗ್ ಕಲಿತವನಿಗೆ ನೆಗೆಟಿವ್ ಬಾಡಿಗೆ, ಪಾಸಿಟಿವ್ ಲೈನಿಗೆ ಎಂಬುದು ಕೈಗೆ ಕೂತಿರುತ್ತದೆ. ಟೆಲಿಫೋನಿನ ಡಿಸಿಯಲ್ಲಿ ಇದು ತಿರುವುಮುರುವು: ಪಾಸಿಟಿವ್ ಭೂಮಿಗೆ, ನೆಗೆಟಿವ್ ಲೈನಿಗೆ. ನೆಲದಡಿಯ ತಾಮ್ರದ ತಂತಿ ತೇವಕ್ಕೆ ಸವೆದುಹೋಗದಿರಲಿ ಎಂದು ಹಿಂದಿನವರು ಮಾಡಿಕೊಂಡ ವ್ಯವಸ್ಥೆಯಿದು. ತಂತಿಯ ಬಣ್ಣ ನೋಡಿ ಜೋಡಿಸುವಂತಿಲ್ಲ. ಸ್ವಿಚ್ ಆಫ್ ಮಾಡಿ, ಮಲ್ಟಿಮೀಟರ್ ಹಿಡಿದು ಖಾತ್ರಿ ಮಾಡಿಕೊಂಡೇ ಕೈಹಾಕಬೇಕು.

ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ಅರ್ಥಿಂಗಿನದು, ಯಾಕೆಂದರೆ ಅದಿಲ್ಲದೆಯೂ ಯಂತ್ರ ನಡೆಯುತ್ತದೆ. ದೀಪ ಹತ್ತುತ್ತದೆ, ಸಿಗ್ನಲ್ ಬರುತ್ತದೆ, ಬಿಲ್ ಪಾಸಾಗುತ್ತದೆ. ರ್‍ಯಾಕ್ ಕೂರಿಸಿದ ಮೇಲೆ ಮೊದಲು ಕಟ್ಟಬೇಕಾದದ್ದೂ ಬಿಚ್ಚುವಾಗ ಕೊನೆಗೆ ಬಿಚ್ಚಬೇಕಾದದ್ದೂ ಆ ಹಸಿರು ತಂತಿಯೇ. ಆದರೆ ಅದನ್ನು ಕೊನೆಗೆ, ಹೊತ್ತು ಮುಳುಗುವ ಅವಸರದಲ್ಲಿ ಕಟ್ಟುತ್ತಾರೆ. ಬಣ್ಣ ಬಳಿದ ತಗಡಿನ ಮೇಲೆಯೇ ತಂತಿಯ ತುದಿಯ ಲಗ್ ಇಟ್ಟು ನಟ್ಟು ಬಿಗಿದರೆ ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ. ಆದರೆ ಬಣ್ಣದ ಪದರ ಕರೆಂಟನ್ನು ಸರಿಯಾಗಿ ಬಿಡುವುದಿಲ್ಲ. ಹೊಳೆಯುವ ಲೋಹ ಕಾಣುವವರೆಗೆ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿಯಬೇಕು. ಟವರಿಗೊಂದು, ರ್‍ಯಾಕಿಗೊಂದು ಅರ್ಥ್ ಗುಂಡಿ ತೋಡಿ ಅವೆರಡನ್ನೂ ಒಂದಕ್ಕೊಂದು ಸೇರಿಸದೆ ಬಿಟ್ಟರೂ ಕಷ್ಟವೇ. ಸಿಡಿಲು ಬಡಿದಾಗ ಎರಡು ಗುಂಡಿಗಳ ವೋಲ್ಟೇಜ್ ಬೇರೆ ಬೇರೆಯಾಗಿ, ಆ ವ್ಯತ್ಯಾಸದಿಂದ ಕರೆಂಟು ಯಂತ್ರದೊಳಗಿಂದಲೇ ಹಾಯುತ್ತದೆ.

ಮಣ್ಣನ್ನೂ ನೋಡಬೇಕು. ಚನ್ನಗಿರಿಯ ಅಡಿಕೆ ತೋಟದ ಹಸಿ ನೆಲದಲ್ಲಿ ಚೆನ್ನಾಗಿ ಕೆಲಸ ಮಾಡುವ ಗುಂಡಿ ಮಳೆ ಕಡಿಮೆಯಿರುವ ಜಗಳೂರಿನ ಒಣನೆಲದಲ್ಲಿ ಸಾಕಾಗದೆ ಹೋಗಬಹುದು. ಇದ್ದಿಲು, ಉಪ್ಪು ತುಂಬಿ ಮುಚ್ಚಿದರೆ ಮುಗಿಯಲಿಲ್ಲ. ಬೇಸಿಗೆಯಲ್ಲಿ ನೀರುಣಿಸುತ್ತಿರಬೇಕು, ಬೇಕಾದರೆ ಇನ್ನೊಂದು ಗುಂಡಿ ತೋಡಿ ಜೋಡಿಸಬೇಕು. ಆಗಸ್ಟಿನ ಹಸಿಯಲ್ಲಿ ಅಳೆದ ಅರ್ಥ್ ರೆಸಿಸ್ಟೆನ್ಸಿನ ಅಂಕಿ ಏಪ್ರಿಲ್‌ಗೆ ಒಪ್ಪುವುದಿಲ್ಲ. ನೆಲ ಪೂರ್ತಿ ಒಣಗಿದಾಗ ಅಳೆದು, ತಾರೀಖಿನ ಸಮೇತ ಗುಂಡಿಯ ಪಕ್ಕದ ಫಲಕದಲ್ಲಿ ಬರೆದಿಡಬೇಕು.

ಸೈಟಿಗಿಷ್ಟು ಎಂದು ದುಡ್ಡು ಎಣಿಸುವ ಗುತ್ತಿಗೆದಾರರು ಈ ಅರ್ಥಿಂಗ್ ಕೆಲಸಕ್ಕೆ ಬೇರೆಯೇ ಹೊತ್ತು ಹಾಗೂ ಕೂಲಿ ಕೊಡಲಿ. ಹುಡುಗರ ಕೈಗೆ ಇನ್ಸುಲೇಷನ್ ಇರುವ ಸ್ಪ್ಯಾನರ್, ಒಂದು ಅರ್ಥ್ ಟೆಸ್ಟರ್ ಕೊಡಲಿ. ಅಳತೆ ಬರೆಯದ ಸೈಟಿನ ಬಿಲ್ಲಿಗೆ ಎಂಜಿನಿಯರು ಸಹಿ ಹಾಕದಿರಲಿ.